ಒಗೆಯಬೇಡಿ ಎಂದಿದ್ದ ಅಂಗಿ

ನಮ್ಮ ಇನ್ಸ್‌ಪೆಕ್ಟರ್ ಸಾಯಬೇಕಾಗಿದ್ದದ್ದು ಗುಂಡೇಟಿನಿಂದ. ಚಿತ್ರಕಥೆಯಲ್ಲಿ ಹಾಗೇ ಇತ್ತು. ಕೊನೆಗೆ ಅವನು ಸತ್ತದ್ದು ತಲೆಗೆ ಪೆಟ್ಟು ಬಿದ್ದು. ಹನ್ನೊಂದು ವರ್ಷ ವಾರಕ್ಕೊಮ್ಮೆ ಆ ಧಾರಾವಾಹಿ ನೋಡಿದ ಜನ ಇದಕ್ಕೆ ಏನೇನೋ ಅರ್ಥ ಕಟ್ಟಿದರು. ವ್ಯವಸ್ಥೆಯೇ ಅವನ ತಲೆ ಒಡೆಯಿತು ಎಂದು ಒಬ್ಬರು ಬರೆದೂ ಬರೆದರು. ನಿಜವಾದ ಕಾರಣ ಇಷ್ಟೇ: ಅಂಗಿ ಒಂದೇ ಇತ್ತು. ಗುಂಡು ಹೊಡೆದರೆ ಅಂಗಿಗೆ ತೂತು ಬೀಳುತ್ತದೆ, ರಕ್ತ ಹತ್ತುತ್ತದೆ, ಮರುದಿನ ಅದೇ ಅಂಗಿಯಲ್ಲಿ ಅವನು ಬದುಕಿರುವ ದೃಶ್ಯ ತೆಗೆಯಲು ಬರುವುದಿಲ್ಲ.

ಆ ಅಂಗಿಯ ಜವಾಬ್ದಾರಿ ನನ್ನದಾಗಿತ್ತು. ಮೊದಲ ಕಂತಿನಿಂದಲೂ ಧಾರಾವಾಹಿಯ ಬಟ್ಟೆಬರೆ ನೋಡಿಕೊಂಡವನು ನಾನು. ಟೈಟಲ್ಲಿನಲ್ಲಿ ‘ವಸ್ತ್ರವಿನ್ಯಾಸ’ ಎಂದು ಬರುತ್ತಿತ್ತು, ಸೆಟ್ಟಿನಲ್ಲಿ ಎಲ್ಲರಿಗೂ ನಾನು ಟೈಲರ್. ಬೇಸರವೇನಿಲ್ಲ. ಹನ್ನೊಂದು ವರ್ಷ ಒಬ್ಬ ಮನುಷ್ಯನಿಗೆ ಖಾಕಿ ಹೊಲಿದವನು ವಿನ್ಯಾಸದ ಮಾತಾಡಿದರೆ ಜನ ನಗುತ್ತಾರೆ.

ಚಾನೆಲ್ಲಿನವರು ಇನ್ನು ಸಾಕು, ಹದಿಮೂರು ಕಂತಿನಲ್ಲಿ ಮುಗಿಸಿ ಎಂದಾಗ ನಿರ್ದೇಶಕರು ಕಥೆಯನ್ನು ಹೊಸಪೇಟೆ, ಸಂಡೂರಿನ ಕಡೆಗೆ ಒಯ್ದರು. ಅದಿರಿನ ಲಾರಿಗಳು ಹಗಲೂ ರಾತ್ರಿ ಬಂದರಿನ ಕಡೆ ಓಡುತ್ತಿದ್ದ ಕಾಲ ಅದು. ಅಮಾನತಾದ ಇನ್ಸ್‌ಪೆಕ್ಟರ್ ಲಾರಿ ಡ್ರೈವರನ ವೇಷ ಹಾಕಿ ಅದಿರಿನ ಯಾರ್ಡಿಗೆ ಸೇರಿಕೊಳ್ಳುತ್ತಾನೆ, ಚೆಕ್‌ಪೋಸ್ಟಿನ ಗುಮಾಸ್ತನೊಬ್ಬನ ಕೊಲೆ ಪತ್ತೆ ಮಾಡುತ್ತಾನೆ, ಅಲ್ಲೇ ಸಾಯುತ್ತಾನೆ. ಖಾಕಿ ಹೋಯಿತು, ಕೊನೆಯ ನಾಲ್ಕು ಕಂತಿಗೆ ಒಂದೇ ಚೌಕಳಿ ಅಂಗಿ.

ಇಂಥ ಕಡೆ ಒಂದೇ ತರಹದ ಅಂಗಿ ನಾಲ್ಕು ಇಟ್ಟುಕೊಳ್ಳುವುದು ನಮ್ಮ ಕಸುಬಿನ ಕಟ್ಟಳೆ. ಒಂದು ಶುಭ್ರ, ಒಂದು ಕೊಳಕು, ಒಂದಕ್ಕೆ ರಕ್ತ, ಒಂದು ಹೆಚ್ಚುವರಿ. ನಾಲ್ಕು ತಂದೂ ಇದ್ದೆ. ಆದರೆ ಸಂಡೂರಿನ ದಾರಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ತಿನ್ನುತ್ತಿದ್ದ ಚೋರನೂರಿನ ಡ್ರೈವರೊಬ್ಬನ ಮೈಮೇಲಿನ ಅಂಗಿ ನಿರ್ದೇಶಕರ ಕಣ್ಣಿಗೆ ಬಿತ್ತು. ತೊಟ್ಟು ತೊಟ್ಟು ನವೆದ ನೀಲಿ ಚೌಕಳಿ, ಅದರ ಮೇಲೆ ವರ್ಷಗಟ್ಟಲೆ ಕೂತ ಅದಿರಿನ ಕೆಂಪು. ಅದೇ ಬೇಕು ಎಂದರು. ನಾನು ತಂದ ನಾಲ್ಕರಲ್ಲಿ ಎರಡನ್ನು ಆ ಪುಣ್ಯಾತ್ಮ ಸಂತೋಷದಿಂದ ತೆಗೆದುಕೊಂಡು ತನ್ನದನ್ನು ಬಿಚ್ಚಿಕೊಟ್ಟ. ಇದಕ್ಕೆ ಜೋಡಿ ಎಲ್ಲೂ ಸಿಗುವುದಿಲ್ಲ, ಹೆಚ್ಚುಕಡಿಮೆಯಾದರೆ ಗತಿಯೇನು ಎಂದು ಕೇಳಿದೆ. ಹರಿದರೆ ಹೊಲಿಯುವುದಕ್ಕೇ ನೀನಿರುವುದು ಎಂದರು ನಿರ್ದೇಶಕರು. ಅಜ್ಜಿಗೆ ಅರಿವೆ ಚಿಂತೆ ಎಂದು ಯಾರೋ ಹಿಂದಿನಿಂದ ನಕ್ಕರು. ಹಾಗಿದ್ದರೆ ಗುಂಡೇಟು ಬೇಡ, ತಲೆಗೆ ಹೊಡೆಸಿ, ರಕ್ತವೆಲ್ಲ ಹೆಗಲ ಮೇಲಿನ ಟವೆಲ್ಲಿಗಿರಲಿ ಎಂದು ನಾನು ಹಟ ಹಿಡಿದೆ. ಅದೊಂದು ಮಾತು ನಡೆಯಿತು.

ಸೆಟ್ಟಿನ ಹೊರಗೂ ನಾವು ಇನ್ಸ್‌ಪೆಕ್ಟರ್ ಎಂದೇ ಕರೆಯುತ್ತಿದ್ದ ಪಾತ್ರಧಾರಿಗೆ ಆ ಅಂಗಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಎಲ್ಲರೂ ಮೆಚ್ಚಿದರು, ನಾನು ಮಾತ್ರ ಅಳತೆ ಟೇಪು ತೆಗೆದೆ. ಅಂಗಿಯ ಕಾಲರ್ ಹದಿನೈದು ಇಂಚು. ಈ ಮನುಷ್ಯನ ಕುತ್ತಿಗೆ ಹನ್ನೊಂದು ವರ್ಷವೂ ಹದಿನಾರು.

ಒಬ್ಬ ಮನುಷ್ಯ ಇಳಿಯುತ್ತಿರುವುದು ಹೆಂಡತಿಗಿಂತ ಮೊದಲು ಟೈಲರಿಗೆ ತಿಳಿಯುತ್ತದೆ. ಯುಗಾದಿಯಿಂದ ಈಚೆಗೆ ಅವರ ಪ್ಯಾಂಟನ್ನು ಮೂರು ಸಲ ಒಳಗೆ ಹಿಡಿದಿದ್ದೆ. ಒಳಗೆ ಎರಡು ಬನಿಯನ್ ತೊಡಿಸಿ ಕ್ಯಾಮೆರಾದ ಕಣ್ಣಿಗೆ ಮಣ್ಣೆರಚುತ್ತಿದ್ದೆ. ಕೆಮ್ಮು ಇತ್ತು, ಆದರೆ ಹೊಸಪೇಟೆಗೆ ಬಂದ ಮೇಲೆ ಯಾರಿಗೆ ಕೆಮ್ಮಿರಲಿಲ್ಲ? ಗಿಡದ ಎಲೆ ಕೆಂಪು, ಲಾಡ್ಜಿನ ದಿಂಬು ಕೆಂಪು, ಉಗುಳಿದರೆ ಕೆಂಪು. ಇಡೀ ಯೂನಿಟ್ಟೇ ಖೊಕ್ ಖೊಕ್ ಎನ್ನುತ್ತಿತ್ತು. ಡಾಕ್ಟರಿಗೆ ತೋರಿಸಿ ಎಂದು ಒಮ್ಮೆ ಹೇಳಿದ್ದಕ್ಕೆ ಅವರು ಬಾಗಿಲು ಮುಂದೆ ಮಾಡಿ, “ಹೋದ್ರೆ ಮಲಗು ಅಂತಾರೆ. ಚಾನೆಲ್ಲಿಗೆ ಗೊತ್ತಾದ್ರೆ ನನ್ನ ಫೋಟೋಗೆ ಹಾರ ಹಾಕಿ ಒಂದೇ ಕಂತಲ್ಲಿ ಕಥೆ ಮುಗಿಸ್ತಾರೆ. ಇವನನ್ನ ನಾನೇ ನಿಂತು ಮುಗಿಸ್ಬೇಕು. ನೀನು ಯಾರಿಗೂ ಹೇಳ್ಬೇಡ” ಎಂದರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಡಬಾರದಿತ್ತು.

ನಮ್ಮ ಬಟ್ಟೆಗಳೆಲ್ಲ ಒಗೆಯಲು ಚಿತ್ತವಾಡ್ಗಿಗೆ ಹೋಗುತ್ತಿದ್ದವು. ಅಲ್ಲಿ ಗಂಡ ಹೆಂಡತಿ ಇಬ್ಬರೇ ನಡೆಸುವ ಇಸ್ತ್ರಿ ಅಂಗಡಿ. ಗಂಡ ಇಸ್ತ್ರಿ ಮಾಡುತ್ತಿದ್ದರು, ನಾವು ಅಕ್ಕ ಎಂದು ಕರೆಯುತ್ತಿದ್ದ ಹೆಂಡತಿ ಒಗೆಯುತ್ತಿದ್ದರು. ನಲವತ್ತೈದರ ಹೆಂಗಸು, ಮಾತು ಕಡಿಮೆ. ನಮ್ಮ ಧಾರಾವಾಹಿಯನ್ನು ಒಂದು ವಾರವೂ ಬಿಡದೆ ನೋಡುತ್ತಿದ್ದವರು ಎಂಬುದು ಅವರ ಗಂಡ ಹೇಳಿ ಗೊತ್ತಾಯಿತು. ಎಂಥ ಕೆಂಪು ಕಲೆಯನ್ನೂ ತೆಗೆಯುವ ಕೈ ಅವರದು. ಗಣಿಯ ಆಫೀಸಿನವರು, ಕ್ರಷರಿನವರು, ಲಾರಿಯವರು, ಎಲ್ಲರ ಬಟ್ಟೆಯೂ ಅಲ್ಲಿಗೇ ಬರುತ್ತಿತ್ತು. ನನಗೂ ಅವರಿಗೂ ಒಂದು ಕರಾರಿತ್ತು. ಖಾಕಿ, ಪಂಚೆ, ಕರ್ಚೀಫು ಎಲ್ಲ ಒಗೆಯಬೇಕು, ನೀಲಿ ಚೌಕಳಿ ಅಂಗಿಯ ತಂಟೆಗೆ ಹೋಗಬಾರದು. ಅದು ನನ್ನ ಕೋಣೆಯಲ್ಲೇ ತೂಗುತ್ತಿತ್ತು. ಪ್ರತಿ ಶಾಟ್ ಮುಗಿದ ಮೇಲೆ ಅದರ ಮುಂದು ಹಿಂದಿನ ಫೋಟೋ ತೆಗೆದು, ಧೂಳು ಎಲ್ಲೆಲ್ಲಿ ಎಷ್ಟೆಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಹೊಸಪೇಟೆ ಹೊರಗಿನ ಒಂದು ಯಾರ್ಡು ನಮಗೆ ಎರಡೇ ದಿನಕ್ಕೆ ಸಿಕ್ಕಿತು. ಮೂರನೆಯ ದಿನ ಅಲ್ಲಿನ ಅದಿರಿನ ರಾಶಿಯೆಲ್ಲ ಲಾರಿ ಹತ್ತುವುದಿತ್ತು. ಹೊಡೆದಾಟದವರು ಮೊದಲ ದಿನಕ್ಕೆ ಮಾತ್ರ ಸಿಕ್ಕಿದ್ದರಿಂದ ಸಾವನ್ನು ಮೊದಲು ತೆಗೆಯುವುದು, ಸಾವಿನ ಹಿಂದಿನ ದೃಶ್ಯಗಳನ್ನು ಮರುದಿನ ತೆಗೆಯುವುದು ಎಂದಾಯಿತು. ಇನ್ಸ್‌ಪೆಕ್ಟರ್ ಲಾರಿಯಿಂದ ಇಳಿಯುವುದು, ಕೊಲೆಗಾರನ ಜೊತೆ ಮಾತು, ಆಮೇಲೆ ಅದಿರಿನ ರಾಶಿಯ ಮೇಲಕ್ಕೆ ಓಟ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಸತ್ತ ದೃಶ್ಯ ಮುಗಿದ ತಕ್ಷಣ ಆ ನಟ ಎದ್ದು ಕ್ಯಾಮೆರಾ ನೋಡಿ ನಗಬೇಕು, ಅದನ್ನು ಒಂದಿಷ್ಟು ಚಿತ್ರಿಸಬೇಕು. ಕೊನೆಯ ಚಿತ್ರ ಹೆಣದ್ದಾಗಿರಬಾರದು. ಎಷ್ಟು ಓದಿದ ನಿರ್ದೇಶಕರೂ ಇದನ್ನು ಬಿಡುವುದಿಲ್ಲ. ಆ ದಿನ ಬಿಟ್ಟುಹೋಯಿತು. ಇನ್ಸ್‌ಪೆಕ್ಟರ್ ಕೆಂಪು ನೆಲದ ಮೇಲೆ ಅಂಗಾತ ಬಿದ್ದಿದ್ದರು, ಕಟ್ ಎಂದರೂ ಏಳಲಿಲ್ಲ. ಕೆಮ್ಮು ಹತ್ತಿಕೊಂಡು ಮೈಯೆಲ್ಲ ನಡುಗುತ್ತಿತ್ತು. ನಾನೂ ಇನ್ನೊಬ್ಬನೂ ಕಂಕುಳಿಗೆ ಕೈ ಕೊಟ್ಟು ಎತ್ತಿ ಜೀಪಿನಲ್ಲಿ ಕೂರಿಸಿದೆವು. ಧೂಳು ಜಾಸ್ತಿಯಾಯಿತು ಎಂದು ಅವರೇ ಎಲ್ಲರಿಗೂ ಹೇಳಿದರು, ಎಲ್ಲರೂ ನಂಬಿದರು.

ಚಿತ್ತವಾಡ್ಗಿಯ ಅಕ್ಕ ಅಲ್ಲೇ ಇದ್ದರು. ಪೊಲೀಸ್ ಪಾತ್ರದವರ ಸಮವಸ್ತ್ರ ಕೊಡಲು ಗಂಡನ ಮೊಪೆಡ್ ಹತ್ತಿ ಬಂದವರು ಜನರೇಟರ್ ವ್ಯಾನಿನ ಪಕ್ಕ ನಿಂತು ಎಲ್ಲವನ್ನೂ ನೋಡಿದ್ದರು. ಅಂಗಿ ಬೆವರಿನಿಂದ ತೊಯ್ದು ತೊಪ್ಪೆಯಾಗಿತ್ತು. ನಮ್ಮ ಲಾಡ್ಜಿನಲ್ಲಿ ಬೆಳಗಿನಿಂದ ಕರೆಂಟಿರಲಿಲ್ಲ, ಹಾಗೇ ಇಟ್ಟರೆ ಮುಗ್ಗುತ್ತಿತ್ತು. ಇವರ ಮಾಳಿಗೆಯ ಮೇಲೆ ತಂತಿಯಿದೆ, ಗಾಳಿಯಿದೆ. ಅಂಗಿಯನ್ನು ಕೈಗೆ ಕೊಟ್ಟು, ಇದನ್ನು ಒಗೆಯಬೇಡಿ, ಬರೀ ಆರಹಾಕಿ ಎಂದು ಎರಡು ಸಲ ಹೇಳಿದೆ. ಆ ದಿನದ ಕರ್ಚೀಫುಗಳ ಜೊತೆ ಅದನ್ನೂ ತೆಗೆದುಕೊಂಡರು. ಹೂಂ ಎನ್ನಲಿಲ್ಲ. ಅವರು ಹೂಂ ಎನ್ನಲಿಲ್ಲ ಎಂಬುದು ನನಗೆ ಹೊಳೆದದ್ದು ಮರುದಿನ.

ಮರುದಿನ ಬೆಳಿಗ್ಗೆ ಆರಕ್ಕೆ ಗಂಡ ಹೆಂಡತಿ ಇಬ್ಬರೂ ಲಾಡ್ಜಿಗೆ ಬಂದರು. ಗಂಟು ಬಿಚ್ಚಿದಾಗ ಎಲ್ಲಕ್ಕಿಂತ ಮೇಲೆ ಇದ್ದದ್ದು ಆ ಅಂಗಿ. ಗರಿಗರಿ ಇಸ್ತ್ರಿ, ಕಲೆ ಎಂಬುದು ಹೇಳಹೆಸರಿಲ್ಲ. ವರ್ಷಗಳ ಕೆಂಪು ಹೋಗಿ, ಆ ನೀಲಿಯ ಕೆಳಗೆ ಒಂದು ತೆಳ್ಳನೆಯ ಹಳದಿ ಗೆರೆ ಕೂಡ ಇತ್ತೆಂದು ಆಗ ಗೊತ್ತಾಯಿತು.

“ಒಗದೀನ್ರಿ ಅಣ್ಣಾರ,” ಎಂದರು ಅಕ್ಕ. “ನೀವು ಬ್ಯಾಡ ಅಂದಿದ್ರಿ, ಕೇಳಿಸ್ಕೊಂಡೀನಿ. ಆದ್ರ ಹೆಣದ ಮ್ಯಾಲಿನ ಅಂಗಿ ಒಗೀಲಾರ್ದ ಜೀವಂತ ಮನಷ್ಯಾಗ ಹಾಕೂದು ಹೆಂಗ್ರೀ? ಸಾಹೇಬ್ರು ಎದ್ದು ನಗಲೂ ಇಲ್ಲ.”

ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ನಾವು ಟೇಪು ಖರ್ಚು ಮಾಡಿ ಪಾಲಿಸುವ ಪದ್ಧತಿಯನ್ನೇ ಅವರು ಸಾಬೂನು ಖರ್ಚು ಮಾಡಿ ಪಾಲಿಸಿದ್ದರು. ಬೈಯಲು ನನಗೆ ಯಾವ ಬಾಯಿ ಇದೆ?

ನಿರ್ದೇಶಕರಿಗೆ ಬಾಯಿ ಇತ್ತು. ಅಂಗಿ ನೋಡಿದವರೇ ಲಾಡ್ಜಿನ ಅಂಗಳ ಹಾರಿಹೋಗುವ ಹಾಗೆ ಕೂಗಾಡಿದರು. ಇನ್ನು ಮುಂದೆ ಒಂದು ಕರ್ಚೀಫೂ ಇವರಿಗೆ ಹೋಗಕೂಡದು ಎಂದರು. ಆಮೇಲೆ ತಲೆ ಕೆರೆದುಕೊಂಡು ತೀರ್ಮಾನ ಹೇಳಿದರು. ಇದ್ದ ಅಂಗಿಗೆ ಹೊಸದಾಗಿ ಧೂಳು ಹಚ್ಚುವುದು, ಹೊಡೆದಾಟದವರಿಗೆ ದುಪ್ಪಟ್ಟು ಕೊಟ್ಟಾದರೂ ವಾಪಸು ಕರೆಸಿ, ಇವತ್ತಿನ ದೃಶ್ಯಗಳ ಜೊತೆಗೆ ಹೊಡೆದಾಟವನ್ನೂ ಸಾವನ್ನೂ ಇನ್ನೊಮ್ಮೆ ತೆಗೆಯುವುದು. ಓಟ, ಏಟು, ಬೀಳುವುದು, ಎಲ್ಲ ಒಂದೇ ಮಧ್ಯಾಹ್ನದಲ್ಲಿ. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಮೆಟ್ಟಿಲಿಳಿದು ಬರುತ್ತಿದ್ದರು. ಒಂದೊಂದು ಮೆಟ್ಟಿಲಿಗೂ ಪಕ್ಕದ ಕಂಬಿ ಹಿಡಿಯುತ್ತಿದ್ದರು. ಅದನ್ನು ನೋಡಿದವನು ನಾನೊಬ್ಬನೇ ಅಂದುಕೊಂಡೆ.

ಅಕ್ಕ ನನ್ನನ್ನು ನೀರಿನ ತೊಟ್ಟಿಯ ಹತ್ತಿರಕ್ಕೆ ಕರೆದು ಒಂದು ಸಣ್ಣ ಪೊಟ್ಟಣ ಬಿಚ್ಚಿದರು. ಒಳಗೆ ಇನ್ಸ್‌ಪೆಕ್ಟರ ಎರಡು ಬಿಳಿ ಕರ್ಚೀಫು, ಒಂದು ಒಗೆದದ್ದು, ಇನ್ನೊಂದು ನಿನ್ನೆ ನಾನು ಕೊಟ್ಟ ಹಾಗೇ ಮಡಿಸಿದ್ದು. ಅದರ ನಡುವೆ ಕಂದು ಚುಕ್ಕೆಗಳಿದ್ದವು. ಅದು ನಮ್ಮ ಬಣ್ಣದ ರಕ್ತ, ಟವೆಲ್ಲಿನಿಂದ ಹತ್ತಿರಬೇಕು ಎಂದೆ. ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ, ಚೂರು ಕಾಫಿ ಪುಡಿ ಕಲಸಿ ಅದನ್ನು ಮಾಡುವವನು ನಾನೇ.

“ನಿಮ್ಮ ರಕ್ತ ತಣ್ಣೀರಾಗ ಹಾಕಿದ್ರ ಹೋಗ್ತೈತಿ. ಮಣ್ಣು ಸಾಬೂನಿಗೆ ಹೋಗ್ತೈತಿ. ಇದನ್ನ ಉಪ್ಪು ಹಾಕಿ ನೆನಸೂದು ಆತು,” ಎಂದರು. “ನೀವು ರಕ್ತದ ಸೀನು ತಗದದ್ದು ನಿನ್ನೆ. ಇದು ಎಂಟು ದಿನದಿಂದ ಬರಾಕತ್ತೈತಿ. ಏಳು ವರ್ಷದ ಹಿಂದ ಇವ್ರಿಗೂ ಹಿಂಗ ಆಗಿತ್ರಿ. ಮೊದಲು ಅಂಗಿ ಸಡ್ಲಾತು, ಆಮ್ಯಾಲ ಕರ್ಚೀಫು.” ಇಸ್ತ್ರಿ ಮಡಿಕೆ ಸರಿಮಾಡುತ್ತ ನಿಂತಿದ್ದ ಗಂಡನ ಕಡೆ ಗದ್ದ ತೋರಿಸಿದರು. “ಆರು ತಿಂಗ್ಳು ಗುಳಗಿ ನುಂಗಿದ್ರು, ಒಂದಿನಾನೂ ಬಿಡಲಾರ್ದ. ಈಗ ನೋಡ್ರಿ.”

ನಾನು ಆ ಒಗೆಯದ ಕರ್ಚೀಫನ್ನು ಕೈಗೆ ತೆಗೆದುಕೊಂಡೆ. ನನಗೆ ನಾಚಿಕೆಯಾಯಿತು. ಕುತ್ತಿಗೆಯ ಅಳತೆ ಗೊತ್ತಿದ್ದವನು ನಾನು, ಪ್ಯಾಂಟು ಒಳಗೆ ಹಿಡಿದವನು ನಾನು. ಗುಟ್ಟು ಕಾಯುವುದೇ ದೊಡ್ಡ ನಂಬಿಗೆ ಎಂದುಕೊಂಡು ಮೂರು ತಿಂಗಳು ಬನಿಯನ್ ಮೇಲೆ ಬನಿಯನ್ ತೊಡಿಸಿದ್ದೆ.

ನೇರವಾಗಿ ನಿರ್ದೇಶಕರ ಹತ್ತಿರ ಹೋದೆ. ಕರ್ಚೀಫು ಮುಂದಿಟ್ಟು ಕಾಲರಿನ ಲೆಕ್ಕದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮಾತು ಕೊಟ್ಟಿದ್ದೆ, ಮುರಿದಿದ್ದೇನೆ ಎಂದೂ ಹೇಳಿದೆ. ಅವರು ಕರ್ಚೀಫನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ, “ಹನ್ನೊಂದು ವರ್ಷ ಸುಳಿವು ಸುಳಿವು ಅಂತ ಎಪಿಸೋಡ್ ಮಾಡಿದ್ವಲ್ಲೋ” ಎಂದಷ್ಟೇ ಹೇಳಿ ಕರ್ಚೀಫನ್ನು ಮಡಿಸಿ ವಾಪಸು ಕೊಟ್ಟರು. ಸಾವನ್ನು ಮತ್ತೆ ತೆಗೆಯುವ ಮಾತು ಅಲ್ಲಿಗೆ ನಿಂತಿತು. ಆದರೆ ಆಸ್ಪತ್ರೆಗೆ ಹೋಗಿ ಎಂದರೆ ಇನ್ಸ್‌ಪೆಕ್ಟರ್ ಒಪ್ಪಲಿಲ್ಲ. ನನ್ನನ್ನು ಒಮ್ಮೆ ನೋಡಿದರು. ಆ ನೋಟ ಈಗಲೂ ನೆನಪಿದೆ. ಮುಗಿಸಿಯೇ ಹೋಗುವುದು ಎಂದರು. ಕಾಯಿಲೆಯ ಹೆಸರು ಕೇಳಿಸಿಕೊಳ್ಳಲು ಅವರಿಗೆ ಹೆದರಿಕೆ. ಆಗ ಉಳಿದ ದಾರಿ ಒಂದೇ. ಮಾತಿನ ದೃಶ್ಯಗಳನ್ನು ಅವರು ಕೂತಲ್ಲೇ ಮಾಡಬೇಕು, ಓಟವನ್ನು ಬೇರೆಯವರು ಬೆನ್ನು ತೋರಿಸಿ ಓಡಬೇಕು, ಅಂಗಿ ಮಾತ್ರ ನಿನ್ನೆಯದೇ ಆಗಿ ಕಾಣಬೇಕು.

ಅಂಗಿ ನಿನ್ನೆಯದಾಗಲಿಲ್ಲ. ನಾನು ಕಾವಿ ಪುಡಿ ತಟ್ಟಿದೆ, ಚಹಾ ಡಿಕಾಕ್ಷನ್ ಚಿಮುಕಿಸಿದೆ, ಬ್ರಷ್ಷು ಆಡಿಸಿದೆ. ಮಾನಿಟರಿನಲ್ಲಿ ನೋಡಿದರೆ ಓಕುಳಿ ಆಡಿ ಬಂದವನ ಅಂಗಿ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕನಿಗೆ ಸಹಿಸಲಾಗಲಿಲ್ಲ.

“ಧೂಳು ಹಚ್ಚೂದಲ್ರೀ ಅಣ್ಣಾರ. ಅದು ತಾನಾಗೇ ಹತ್ತಬೇಕು.”

ಜಾಡಿಸಿ ತೊಳೆದು, ಬಿಸಿಲಿಗೆ ಹಿಡಿದು, ಇನ್ನೂ ಹಸಿ ಇರುವಾಗಲೇ ಅದನ್ನು ಗಂಡನಿಗೆ ತೊಡಿಸಿದರು. ಅವರಿಗೂ ಅದು ಸರಿಯಾಗಿ ಕೂತಿತು. ಎಡ ಹೆಗಲಿಗೆ ಟವೆಲ್ ಹಾಕಿ, ನಮ್ಮ ಲಾರಿಯ ಡ್ರೈವರ್ ಸೀಟಿನ ಮಗ್ಗುಲಲ್ಲಿ ಬೇಡ, ಡ್ರೈವರನ ಸೀಟಿನಲ್ಲೇ ಕೂರಿಸಿ ಎಂದರು. ಗಂಡನಿಗೆ ಲಾರಿ ಓಡಿಸಲು ಬರುತ್ತಿತ್ತು, ಲೈಸೆನ್ಸೂ ಇತ್ತು. ಬಲ ಮೊಣಕೈ ಕಿಟಕಿಯಿಂದ ಹೊರಗೆ ಚಾಚಿ, ಸಂಡೂರಿನ ರಸ್ತೆಯಲ್ಲಿ ಅದಿರು ತುಂಬಿದ ಲಾರಿಗಳ ಹಿಂದೆ ಹೋಗಿ ಬನ್ನಿ ಎಂದು ಕಳಿಸಿದರು. ಹೋಗಿ ಬರಲು ಮೂರು ತಾಸು ಹಿಡಿಯಿತು. ವಾಪಸು ಬಂದಾಗ ಬಲ ತೋಳು ಪೂರ್ತಿ ಕೆಂಪು, ಟವೆಲ್ ಇದ್ದ ಕಡೆ ಸ್ವಚ್ಛ, ಕಾಲರಿನ ಮಡಿಕೆಯಲ್ಲಿ ಬೆವರಿಗೆ ಅಂಟಿದ ಗೆರೆ.

ಉಳಿದದ್ದನ್ನು ಅಕ್ಕ ಬೆರಳಲ್ಲಿ ಮಾಡಿದರು. ಮೂರನೆಯ ಗುಂಡಿಯ ಕೆಳಗೆ ಗ್ರೀಸು. ಕೆಳ ಅಂಚಿನಲ್ಲಿ ಕೈ ಒರೆಸಿದ ನಾಲ್ಕು ಬೆರಳು. ಜೇಬಿನ ಬಾಯಿಗೆ ಬೀಡಿ ತೆಗೆಯುವ ಕೈಯ ಕಪ್ಪು. ನನ್ನ ಫೋಟೋ ಅವರು ಕೇಳಲೇ ಇಲ್ಲ. ಒಂದೊಂದನ್ನೂ ತಿಕ್ಕಿ ತೆಗೆದವರಿಗೆ ಅದು ಎಲ್ಲಿತ್ತು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಫೋಟೋ ನೋಡಿಕೊಂಡು, ಬೆನ್ನಿನ ಮೇಲಿನ ದೊಡ್ಡ ಕೆಂಪು ಮರೆತಿರಿ ಎಂದು ಯಾರ್ಡಿನ ಮಣ್ಣನ್ನು ಹಿಡಿತುಂಬ ತಂದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಅದು ಸಾಹೇಬರು ಬಿದ್ದ ಮೇಲೆ ಹತ್ತಿದ್ದು, ಬೀಳುವುದಕ್ಕಿಂತ ಮೊದಲು ಬೆನ್ನು ಕೆಂಪಾಗುವುದು ಹೇಗೆ ಎಂದು ಕೇಳಿದರು. ಹನ್ನೊಂದು ವರ್ಷದ ನನ್ನ ನೋಟ್‌ಬುಕ್ಕನ್ನು ಆಗಲೇ ಮುಚ್ಚಿ ಚೀಲದಲ್ಲಿಟ್ಟೆ.

ಇನ್ಸ್‌ಪೆಕ್ಟರ್ ತಮ್ಮ ಮಾತುಗಳನ್ನು ಲಾರಿಯ ಮೆಟ್ಟಿಲಿನ ಮೇಲೆ ಕೂತು ಮುಗಿಸಿದರು. ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ ತೆಗೆದೆವು. ಮಧ್ಯಾಹ್ನ ಮೂರರ ಬಿಸಿಲಿಗೆ ಓಟ. ಅಂಗಿ ಮತ್ತೆ ಇಸ್ತ್ರಿಯವರ ಮೈಗೆ ಬಂತು. ಕಾಲಿಟ್ಟರೆ ಜಾರುವ ಅದಿರಿನ ರಾಶಿ, ಎರಡಾಳು ಎತ್ತರ. ಐವತ್ತರ ಆ ಮನುಷ್ಯ ಒಂದೇ ಉಸಿರಿಗೆ ತುದಿಗೆ ಹೋಗಿ ನಿಂತರು. ಕ್ಯಾಮೆರಾ ಬದಲಿಸಿ ಇನ್ನೊಮ್ಮೆ ಓಡಿಸಿದೆವು. ನಿರ್ದೇಶಕರು ಓಕೆ ಎಂದರು.

ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದ ಇನ್ಸ್‌ಪೆಕ್ಟರ್, ಯಾರದು ಎಂದು ನನ್ನನ್ನು ಕೇಳಿದರು. ಬೆಳಗಿನಿಂದ ನನ್ನ ಜೊತೆ ಆಡಿದ ಮೊದಲ ಮಾತು ಅದು. ನಿಮ್ಮ ಬಟ್ಟೆಗೆ ಇಸ್ತ್ರಿ ಮಾಡುವವರು ಎಂದೆ. ಏಳು ವರ್ಷದ ಕೆಳಗೆ ಇವರ ಕರ್ಚೀಫೂ ಹೀಗೇ ಇತ್ತಂತೆ, ಆರು ತಿಂಗಳು ಮಾತ್ರೆ ನುಂಗಿದರಂತೆ ಎಂದೆ. ಅವರು ರಾಶಿಯ ತುದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಮನುಷ್ಯನನ್ನೇ ನೋಡುತ್ತಿದ್ದರು.

“ಇನ್ನೊಂದ್ಸಲ ಓಡ್ತಾರಾ ಕೇಳು,” ಎಂದರು.

ಶಾಟ್ ಓಕೆ ಆಗಿತ್ತು. ಕ್ಯಾಮೆರಾದವರು ಆಗಲೇ ಲೆನ್ಸು ಬಿಚ್ಚುತ್ತಿದ್ದರು. ನಾನು ಹೋಗಿ ಕೇಳಿದೆ. ಇಸ್ತ್ರಿಯವರು ಹೆಂಡತಿಯ ಮುಖ ನೋಡಿದರು, ಅಕ್ಕ ತಲೆಯಾಡಿಸಿದರು. ಮೂರನೆಯ ಸಲದ ಆ ಓಟ ಯಾವ ಟೇಪಿನಲ್ಲೂ ಇಲ್ಲ. ಇಳಿದು ಬಂದು ಇನ್ಸ್‌ಪೆಕ್ಟರ ಎದುರು ನಿಂತು, ನಮಸ್ಕಾರ್ರೀ ಸಾಹೇಬ್ರ ಎಂದರು. ಏದುಸಿರಿರಲಿಲ್ಲ.

“ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ,” ಎಂದು ಇನ್ಸ್‌ಪೆಕ್ಟರ್ ನನಗೆ ಹೇಳಿದರು.

ಹೊರಡುವ ಮುಂಚೆ ಅಂಗಿ ಇನ್ನೊಮ್ಮೆ ಇನ್ಸ್‌ಪೆಕ್ಟರ ಮೈಗೆ ಹೋಯಿತು. ನಿರ್ದೇಶಕರೇ ಮತ್ತೆ ಲೆನ್ಸು ಹಾಕಿಸಿದರು. ಬಾಕಿ ಉಳಿದಿದ್ದ ನಗುವನ್ನು ತೆಗೆದೆವು. ಮೊದಮೊದಲು ನಟನ ನಗು ನಕ್ಕರು, ಅಕ್ಕ ಪಕ್ಕದಲ್ಲಿ ಕೈಚಾಚಿ ಅಂಗಿ ಬಿಚ್ಚಿಕೊಡುವುದನ್ನೇ ಕಾಯುತ್ತ ನಿಂತಿದ್ದನ್ನು ಕಂಡು ಆಮೇಲೆ ನಿಜವಾಗಿ ನಕ್ಕರು. ಈ ಸಲ ಒಗೆಯಬೇಡಿ ಎಂದು ನಾನು ಹೇಳಲಿಲ್ಲ.

ಹೊಸಪೇಟೆಯ ಡಾಕ್ಟರು ಎಕ್ಸ್‌ರೇ ತೆಗೆಸಿದರು, ಕಫ ಪರೀಕ್ಷೆ ಮಾಡಿಸಿದರು. ಟಿಬಿ. ತಡವಾಗಿದೆ, ಕೈಮೀರಿಲ್ಲ ಎಂದರು. ನಾವೆಲ್ಲ ಸಾಲಾಗಿ ನಿಂತು ಪರೀಕ್ಷೆ ಮಾಡಿಸಿಕೊಂಡೆವು, ದೇವರ ದಯ, ಯಾರಿಗೂ ಹತ್ತಿರಲಿಲ್ಲ. ಕೊನೆಯ ಕಂತು ಪ್ರಸಾರವಾದಾಗ ಇನ್ಸ್‌ಪೆಕ್ಟರ್ ಮನೆಯಲ್ಲಿ ಮಲಗಿ ನೋಡಿದರು. ಅಂಗಿಯ ಧೂಳಿನಲ್ಲಿ ಯಾರೂ ವ್ಯತ್ಯಾಸ ಹಿಡಿಯಲಿಲ್ಲ. ನಮ್ಮ ಸ್ಟೋರಿನ ರಿಜಿಸ್ಟರಿನಲ್ಲಿ ಆ ಅಂಗಿಯ ಮುಂದೆ ‘ಒಗೆಯಲು ಹೋಗಿದೆ’ ಎಂದು ಬರೆದಿದ್ದೆ. ಏಳು ತಿಂಗಳು ಅದು ಹಾಗೇ ಇತ್ತು.

ಮಾತ್ರೆಯ ಗಡುವು ಮುಗಿದ ವಾರ ನಾನು ಅಳತೆ ಟೇಪು ಹಿಡಿದು ಇನ್ಸ್‌ಪೆಕ್ಟರ ಮನೆಗೆ ಹೋದೆ. ಅಲ್ಲಿಂದಲೇ ಚಿತ್ತವಾಡ್ಗಿಯ ಅಂಗಡಿ ಪಕ್ಕದ ಫೋನಿಗೆ ಕರೆ ಮಾಡಿ ಅಕ್ಕನನ್ನು ಕರೆಸಿದೆ. ಗುಣವಾಯಿತಂತೆ, ಡಾಕ್ಟರು ಹೇಳಿದರು ಎಂದೆ. ಅವರಿಗೆ ಡಾಕ್ಟರ ಮಾತು ಸಾಲಲಿಲ್ಲ.

“ಕರ್ಚೀಫು?” ಎಂದರು.

ಬೆಳ್ಳಗಿವೆ ಎಂದೆ.

“ಹಂಗಾರ ಇನ್ನ ಆ ಅಂಗಿ ಹಾಕ್ಕೊಳ್ಳಿ ಬಿಡ್ರಿ. ಕಳಸ್ತೀನಿ,” ಎಂದರು.

ನಾಲ್ಕು ದಿನಕ್ಕೆ ಬಸ್ಸಿನಲ್ಲಿ ಪಾರ್ಸೆಲ್ ಬಂತು. ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಅಂಗಿ, ಗರಿಗರಿ ಇಸ್ತ್ರಿ. ಇನ್ಸ್‌ಪೆಕ್ಟರ್ ಕನ್ನಡಿಯ ಮುಂದೆ ನಿಂತು ತೊಟ್ಟುಕೊಂಡರು. ಕೆಳಗಿನ ಗುಂಡಿಗಳನ್ನು ಹೊಟ್ಟೆ ಒಳಗೆ ಎಳೆದುಕೊಂಡು ಹಾಕಿದರು. ಕುತ್ತಿಗೆಯ ಗುಂಡಿ ಏನು ಮಾಡಿದರೂ ಕಾಜಕ್ಕೆ ಮುಟ್ಟಲಿಲ್ಲ. ಬಿಚ್ಚಿ ಕೊಡಿ, ಕಾಲರ್ ಬದಲಾಯಿಸಿ ಹೊಲಿದು ತರುತ್ತೇನೆ ಎಂದೆ. ಬೇಡ, ಹೀಗೇ ಇರಲಿ 	ಎಂದರು.